ಬೆನ್ನಿಗೆ ಕಸೆ ಕಟ್ಟುವ ಅರಸರು

ಇತ್ತ ಸರಿದು ಕುಳಿತುಕೊಳ್ಳಿ ಮಕ್ಕಳೇ. ಮುತ್ತಿನಕೋಟೆ ಎಂಬ ರಾಜ್ಯದಲ್ಲಿ ಕೆಂಚರಸ ಎಂಬ ದೊರೆ ಇದ್ದ. ಬಲು ಜಂಬದವನು. ತನ್ನ ಮೈಯನ್ನು ಯಾರೂ ಮುಟ್ಟಬಾರದು, ಮುಟ್ಟಿದರೆ ಸೆರೆಮನೆ ಎಂದು ಡಂಗುರ ಹೊಡೆಸಿದ್ದ.

ಒಮ್ಮೆ ಸಿಂಪಿಗರ ಭರಮಪ್ಪ ಅವನ ಅಂಗಿಗೆ ಅಳತೆ ತೆಗೆಯುತ್ತಿದ್ದ. ಅಳತೆ ಎಂದಮೇಲೆ ಕೈ ತಾಗದೆ ಇರುತ್ತದೆಯೇ? ಬೆರಳು ಅರಸನ ಭುಜಕ್ಕೆ ತಾಗಿತು. ಅಷ್ಟಕ್ಕೇ ಅವನನ್ನು ಸೆರೆಗೆ ತಳ್ಳಿದರು. ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಭರಮಪ್ಪನ ಹೆಂಡತಿ ನೀಲವ್ವ ಮೂರು ದಿನ ಅತ್ತಳು. ನಾಲ್ಕನೆಯ ದಿನ ಕಣ್ಣೊರೆಸಿಕೊಂಡು ಸೂಜಿ ಹಿಡಿದಳು. ಕೌದಿಯಷ್ಟು ದಪ್ಪನೆಯ ಅಂಗಿ ಹೊಲಿದಳು. ಮುಂದೆ ತುಂಬ ಜರಿ, ಹಿಂದೆ ಬಿಗಿದು ಕಟ್ಟುವ ಬಟ್ಟೆಯ ದಾರ, ಅದೇ ಕಸೆ, ಮೂರು. ಒಂದೊಂದು ಕಸೆಯೂ ಮಾರುದ್ದ. ದೊರೆ ಪಟ್ಟವೇರಿದ ದಿನದ ನೆನಪಿಗೆ ವರ್ಷವರ್ಷ ನಡೆಯುವ ಪಟ್ಟದ ಹಬ್ಬದ ಬೆಳಿಗ್ಗೆ ಅದನ್ನು ಅರಮನೆಗೆ ಒಯ್ದಳು.

ಅರಸನಿಗೆ ಜರಿ ಕಂಡೇ ಬಾಯಲ್ಲಿ ನೀರೂರಿತು. "ಮೈ ಮುಟ್ಟದಂಗ ಹೆಂಗ ಕಟ್ತೀ?" ಎಂದ.

"ದೂರ ನಿಂತೇ ಕಟ್ತೀನ್ರಿ, ದೊರೀ."

ದೂರದಿಂದಲೇ ಗಂಟು ಜಾರಿಸಿ ಬಿಗಿದಳು. ಒಂದು, ಎರಡು, ಮೂರು. ಆಮೇಲೆ ಉಳಿದ ತುದಿಗಳನ್ನು ಕತ್ತರಿಯಿಂದ ಕಚಕ್ಕನೆ ಕತ್ತರಿಸಿದಳು. "ಜೋತಾಡಿದ್ರ ಚಂದ ಕಾಣಂಗಿಲ್ರಿ" ಎಂದಳು. ಇನ್ನು ಮೈ ಮುಟ್ಟದೆ ಆ ಗಂಟು ಬಿಚ್ಚುವುದು ಯಾರಿಂದಲೂ ಆಗದು.

ಮೆರವಣಿಗೆ ಹೊರಟಿತು. ಬಿಸಿಲೇರಿತು. ಬೆವರು ಹರಿಯಿತು. ಬೆನ್ನು ತುರಿಸತೊಡಗಿತು! ಹಗಲೆಲ್ಲ ತನ್ನ ಬೆನ್ನು ತಾನೇ ತಟ್ಟಿಕೊಳ್ಳುತ್ತಿದ್ದ ದೊರೆಗೆ ಅದನ್ನು ತುರಿಸಿಕೊಳ್ಳಲು ಮಾತ್ರ ಕೈ ಎಟುಕಲಿಲ್ಲ. ಕಂಬಕ್ಕೆ ಉಜ್ಜಿ ನೋಡಿದ. ದಪ್ಪ ಅಂಗಿ, ಏನೂ ಆಗಲಿಲ್ಲ. ಸೀಳಿಹಾಕೋಣವೆಂದರೆ, ಹಬ್ಬದ ಅಂಗಿ ಹರಿದವನಿಗೆ ಪಟ್ಟವಿಲ್ಲ ಎಂಬುದು ಅವರ ವಂಶದ ಕಟ್ಟಳೆ.

ಮಂತ್ರಿಯನ್ನು ಕರೆದ. "ಮುಟ್ಟಿದ್ರ ಸೆರೆಮನಿ ಅಲ್ರೀ?" ಎಂದು ಮಂತ್ರಿ ಹಿಂದೆ ಸರಿದ. ಸೇನಾಪತಿಯನ್ನು ಕರೆದ. ಅವನೂ ಹಿಂದೆ ಸರಿದ. ರಾಣಿಯನ್ನು ಕರೆದ. "ಬೇಕಾದ್ರ ತವರಿಗೆ ಹೋಗ್ತೀನಿ, ಸೆರೆಮನಿಗೆ ಹೋಗಂಗಿಲ್ಲ" ಎಂದಳು ರಾಣಿ.

ಕೊನೆಗೆ ನೀಲವ್ವನಿಗೆ ಹೇಳಿಕಳಿಸಿದರು. ಅವಳು ಬಂದು ಕೈಕಟ್ಟಿ ನಿಂತಳು.

"ಬಿಚ್ಚವ್ವಾ, ನಿನಗ ಪುಣ್ಯ ಬರ್ತದ!"

"ಬಿಚ್ತೀನ್ರಿ. ಮೊದಲ ಆ ಮೈ ಮುಟ್ಟಬಾರದನ್ನೋ ಕಟ್ಟಳೆ ತೆಗೀರಿ. ನನ್ನ ಗಂಡ ಈ ಬಾಗಿಲಾಗ ಬಂದು ನಿಲ್ಲಲಿ."

ಅರಸ ಕುಣಿಯುತ್ತಲೇ ಮತ್ತೆ ಡಂಗುರ ಹೊಡೆಸಿದ. ಭರಮಪ್ಪ ಬಾಗಿಲಿಗೆ ಬಂದ. ಸೊರಗಿದ್ದ, ಆದರೆ ನಗುತ್ತಿದ್ದ. ಗಂಡಹೆಂಡಿರು ಸೇರಿ ಗಂಟು ಬಿಚ್ಚಿ, ಅರಸನ ಬೆನ್ನು ಕೆರೆದರು. "ಅಲ್ಲೇ... ಚೂರು ಮ್ಯಾಲೆ... ಹಾಂ! ಬದುಕಿದೆ!" ಎಂದ ಅರಸ. ಹುಟ್ಟಿದ ಮೇಲೆ ಅಷ್ಟು ಸುಖ ಅವನು ಕಂಡಿರಲಿಲ್ಲ, ಕಣ್ಣಲ್ಲಿ ನೀರು ಬಂತು. ನೀಲವ್ವನೂ ಆಗಲೇ ನಿರಾಳವಾಗಿ ಉಸಿರುಬಿಟ್ಟಳು.

ಅಂದಿನಿಂದ ಮುತ್ತಿನಕೋಟೆಯ ಅರಸರ ಅಂಗಿಗೆ ಕಸೆ ಬೆನ್ನಿಗೇ. ಪಟ್ಟದ ಹಬ್ಬದ ದಿನ ಊರವರೊಬ್ಬರು ಬಂದು ಕಟ್ಟಬೇಕು, ಊರವರೇ ಬಿಚ್ಚಬೇಕು. ನೋಡಿದವರು ನಗುತ್ತಾರೆ, ನಗಲಿ ಬಿಡಿ. ಮಕ್ಕಳೇ, ನೀತಿ ಇಷ್ಟೇ: ಎಷ್ಟು ದೊಡ್ಡವನಾದರೂ ಇನ್ನೊಬ್ಬರ ಕೈಯಿಲ್ಲದೆ ಬಾಳು ನಡೆಯದು, ಆ ಕೈಯನ್ನು ಕೀಳೆಂದು ಕಾಣಬೇಡಿ.