ಗೋಡೆ ಕಾದಿದ್ದ ಮಾತು

ಇಂಗ್ಲೆಂಡಿನ ಉತ್ತರದಲ್ಲಿ ರೋಮನ್ ಸೈನಿಕರು ಕಟ್ಟಿದ ಹೇಡ್ರಿಯನ್ ಗೋಡೆಗೆ ಇಂಗ್ಲಿಷ್ ಭಾಷೆಯನ್ನು ಕಂಡರೆ ಆಗುತ್ತಿರಲಿಲ್ಲ. ಒಂದು ದಿನ ಅದು ಎದುರಾದಾಗ ಗೋಡೆ ಸಿಡುಕಿತು:

"ನನ್ನನ್ನು ಕಟ್ಟಿದವರು ಲ್ಯಾಟಿನ್ ಆಡುತ್ತಿದ್ದರು. ಚಳಿಯಲ್ಲಿ ಕೈ ಉಜ್ಜಿಕೊಳ್ಳುತ್ತ, ತಮ್ಮ ಊರು ನೆನೆದು ಹಾಡುತ್ತಿದ್ದರು. ಅವರು ಹೋದರು, ನೀನು ಕಡಲಾಚೆಯ ಜನರ ದೋಣಿ ಹತ್ತಿ ಬಂದೆ. ಆಮೇಲೆ ಆ ಮಾತು ನನ್ನ ಕಿವಿಗೆ ಬಿದ್ದಿಲ್ಲ. ಒಂದೇ ಒಂದು ಸಲ ಕೇಳಿ ಬಿದ್ದುಹೋಗೋಣ ಎಂದು ನಿಂತಿದ್ದೇನೆ."

"ಅಲ್ಲಿ ನೋಡು ಅಜ್ಜ," ಎಂದಿತು ಭಾಷೆ. ಓಸ್ವಿನ್ ಎಂಬ ರೈತ ಹಾರೆ ಹಾಕಿ ಗೋಡೆಯ ಕಲ್ಲು ಕೀಳುತ್ತಿದ್ದ.

"ಕಳ್ಳ! ಅವನ ಅಜ್ಜನೂ ನನ್ನ ಕಲ್ಲು ಕಿತ್ತೇ ದನದ ಕೊಟ್ಟಿಗೆ ಕಟ್ಟಿದ."

"ಆ ಕೊಟ್ಟಿಗೆ ಇನ್ನೂ ಇದೆಯೆ?"

"ಇರದೆ ಏನು? ನನ್ನ ಕಲ್ಲಲ್ಲವೆ?"

"ನಾನೂ ಹಾಗೇ ಅಜ್ಜ. ನಿನ್ನವರು ಬಿಟ್ಟುಹೋದ ಮಾತು ಆಯ್ದುಕೊಂಡೇ ಮನೆ ಕಟ್ಟಿದೆ."

"ಹಾಗಾದರೆ ಒಂದನ್ನಾದರೂ ಕೇಳಿಸು."

ಅಷ್ಟರಲ್ಲಿ ರೈತನ ಹೆಂಡತಿ ಕೂಗಿದಳು: "ಓಸ್ವಿನ್, ಸಾಕು ಬಿಡು! ವಾಲ್ ಮೈಮೇಲೆ ಬಿದ್ದೀತು!"

"ಕೇಳಿದೆಯಾ?" ಎಂದಿತು ಭಾಷೆ. "ನಿನ್ನ ಸೈನಿಕರು ಕೋಟೆಗೋಡೆಗೆ ಹೇಳುತ್ತಿದ್ದ 'ವಲ್ಲುಮ್' ಎಂಬ ಪದವೇ ಸವೆದು ಸವೆದು ಈ 'ವಾಲ್' ಆಗಿದೆ. ನಿನ್ನನ್ನು ಇವರು ದಿನಾ ಅದೇ ಹೆಸರಿನಿಂದ ಕರೆಯುತ್ತಾರೆ. ನೀನೇ ಗುರುತು ಹಿಡಿಯಲಿಲ್ಲ."

ಕಾದಿದ್ದ ಮಾತು ಕೇಳಿಯೂ ಗೋಡೆ ಬೀಳಲಿಲ್ಲ.

ಮರುದಿನ ಓಸ್ವಿನ್ ಹಾರೆ ಹಿಡಿದು ಬಂದಾಗ, ಗೋಡೆ ತಾನಾಗಿಯೇ ಅವನಿಗೆಂದು ಒಂದು ಕಲ್ಲನ್ನು ಸಡಿಲ ಬಿಟ್ಟಿತು.