ಕಾವು ಮುಗಿಸಿ ಬಂದ ಹೇಂಟೆ

ನಮ್ಮ ವಂಶದ ಹೇಂಟೆಗಳು ತಲೆತಲಾಂತರದಿಂದ ಈ ಗೂಡಿನಲ್ಲಿ ಮರ್ಯಾದೆಯಿಂದ ಬಾಳಿದವರು. ನಮ್ಮ ಮೇಲೆ ಒಂದು ದೂರೂ ಬಂದಿದ್ದಿಲ್ಲ. ಆದರೂ ನಾನು ಬುಟ್ಟಿಯಲ್ಲಿ ಕಾವು ಮುಗಿಸಿ, ಮರಿಗಳೊಂದಿಗೆ ಮರಳಿದ ಸಂಜೆ ಹುಂಜ ಗೂಡಿನ ಕೋಳಿಗಳೆಲ್ಲರ ಎದುರು ನನ್ನನ್ನು ಬಾಗಿಲಲ್ಲೇ ತಡೆದ.

"ದಿನವಿಡೀ ಅಂಗಳ ಕೆದಕಿದವರಿಗೆ ಮಾತ್ರ ಗೂಡು. ಕಾವಿಗೆ ಕೂತಷ್ಟು ದಿನವೂ ನೀವು ಒಂದು ಗಳಿಗೆ ಬಂದು ಕೆದಕಿ ಮೊಟ್ಟೆಗಳತ್ತ ಓಡುತ್ತಿದ್ದವರು. ನಿಯಮ ಎಲ್ಲರಿಗೂ ಒಂದೇ, ತಾಯಿ."

ಬೇಲಿಯಾಚೆ ಕಾಡುಬೆಕ್ಕು ಆಗಲೇ ಬಂದು ಕೂತಿತ್ತು. ನಾನು ಪಕ್ಕದ ಕೊಟ್ಟಿಗೆಯ ಹಿರಿಯ ಎಮ್ಮೆಯ ಬಳಿ ನ್ಯಾಯ ಕೇಳಿದೆ. ಎಮ್ಮೆ ಮೆಲುಕು ನಿಲ್ಲಿಸಿತು.

"ಹುಂಜಪ್ಪ, ಈ ನಿಯಮದಿಂದ ಇದುವರೆಗೆ ಹೊರಗುಳಿದವರು ಯಾರು?"

"ಹೇಂಟೆಗಳು."

"ಹುಂಜ ಒಬ್ಬನಾದರೂ?"

"ನಾವು ಕಾವಿಗೆ ಕೂರುವುದಿಲ್ಲವಲ್ಲ."

"ಹಾಗಾದರೆ ಅದು ಎಲ್ಲರಿಗೂ ಒಂದೇ ಹೇಗಾಯಿತು? ಗಳಿಗೆ ಹೊತ್ತು ಕೆದಕಿದವಳೂ ಈ ಗೂಡಿನವಳೇ. ದಾರಿ ಬಿಡು."

ಹುಂಜ ಸರಿದ. ಕೊನೆಯ ಮರಿಯೂ ಒಳಗೆ ಬಂದು ರೆಕ್ಕೆಯಡಿ ಸೇರಿದ ಮೇಲೆ ನನಗೆ ಉಸಿರು ಬಂತು. ಕಾಡುಬೆಕ್ಕು ಎದ್ದು ಹೋಯಿತು.

"ಜಾಗ ಸಿಕ್ಕಿತಲ್ಲ, ಇನ್ನು ಮಲಗಿ" ಎಂದ ಹುಂಜ.

"ಮಲಗುತ್ತೇನೆ. ಮೊದಲು ಇವರೆಲ್ಲರ ಎದುರು ನನ್ನ ಕ್ಷಮೆ ಕೇಳಿ" ಎಂದೆ.