ಕೆಳದಂಡೆಯ ಬೋಣಿಗಲ್ಲು

ಕೆಳದಂಡೆಯ ಹಳೆಪೇಟೆಗೆ ಬಂದವರು ಹೊಳೆಗೆ ಇಳಿಯುವ ಬೀದಿಯ ಕೊನೆಯಲ್ಲಿ, ಮಂಡಕ್ಕಿ ಅಂಗಡಿಗಳ ಸಾಲು ಮುಗಿಯುವ ಕಡೆ, ಮೊಣಕಾಲೆತ್ತರದ ಒಂದು ಚಪ್ಪಟೆ ಕಲ್ಲನ್ನು ನೋಡುತ್ತಾರೆ. ಅದರ ಮೇಲೆ ದೇವರ ಗುರುತಿಲ್ಲ, ಅಕ್ಷರವೂ ಇಲ್ಲ. ಊರವರು ಅದನ್ನು ಬೋಣಿಗಲ್ಲು ಎನ್ನುತ್ತಾರೆ. ದಿನದ ಮೊದಲ ವ್ಯಾಪಾರವಾದ ಬೋಣಿಯ ವಿಷಯದಲ್ಲಿ ಈ ಪೇಟೆಯವರಷ್ಟು ಅಂಜುಬುರುಕರು ಬೇರೆಲ್ಲೂ ಸಿಗಲಾರರು. ಮೊದಲ ಗಿರಾಕಿಯ ಮುಖ, ಕೈಗುಣ, ಬಂದ ಕೆಲಸ ಎಲ್ಲವನ್ನೂ ಅವರು ಅಳೆದು ತೂಗಿ ನೋಡುತ್ತಿದ್ದರು. ಮಂಡಕ್ಕಿಯನ್ನು ಅಷ್ಟು ಸರಿಯಾಗಿ ಅಳೆಯುತ್ತಿದ್ದರೋ ಇಲ್ಲವೋ, ಹೇಳಬಲ್ಲವರು ಈಗ ಯಾರೂ ಇಲ್ಲ.

ಹಿಂದೆ ಒಮ್ಮೆ ಅಂಬಿಗರ ದುರುಗವ್ವ ಎಂಬ ವಿಧವೆ ಆ ಕಲ್ಲಿನ ಹಿಂದೆ ಮಂಡಕ್ಕಿ ಅಂಗಡಿ ತೆರೆದಳು. ಹರಿಗೋಲು ಹಾಕುತ್ತಿದ್ದ ಗಂಡ ಹೊಳೆಪಾಲಾಗಿದ್ದ, ಹೆಣವೂ ಸಿಕ್ಕಿರಲಿಲ್ಲ. ಮಗಳು ಹಾಲವ್ವನನ್ನು ಗಂಡನ ಅಣ್ಣ ಒಬ್ಬ ಮುದುಕನಿಗೆ ಎರಡನೆಯ ಹೆಂಡತಿಯಾಗಿ ಕೊಡಲು ಮಾತಾಡಿಬಿಟ್ಟಿದ್ದ. 'ನಿನ್ನ ಅಂಗಡಿ ನಡೆದರೆ ಮಗಳು ನಿನ್ನವಳು, ಇಲ್ಲದಿದ್ದರೆ ಸಂಜೆಗೇ ಕರೆದೊಯ್ಯುತ್ತೇನೆ' ಎಂದಿದ್ದ. ಹೊಸ ಅಂಗಡಿಗೆ ತೆರೆದ ದಿನವೇ, ದೀಪ ಹಚ್ಚುವುದರೊಳಗೆ ಬೋಣಿಯಾಗದಿದ್ದರೆ ಮುಚ್ಚಬೇಕೆಂಬುದು ಪೇಟೆಯ ಕಟ್ಟಳೆ. ವಿಧವೆಯ ಕೈಯಿಂದ ಮೊದಲ ಸೇರು ಕೊಳ್ಳಲು ಊರವರು ಯಾರೂ ಬರಲಿಲ್ಲ. ಹೊಳೆಯಾಚೆಯ ಗಿರಾಕಿಗಳಾದರೂ ಬಂದಾರೆಂದರೆ, ಹೊಳೆ ದಡಮೀರಿ ಹರಿಗೋಲು ನಿಂತಿತ್ತು. ಆಚೆದಡದ ಗಿರಾಕಿಗಳನ್ನೇ ನಂಬಿದ್ದ ಪೇಟೆಯಲ್ಲಿ ಆ ದಿನ ಯಾವ ಅಂಗಡಿಗೂ ಬೋಣಿಯಿಲ್ಲ. ಹೊತ್ತು ಇಳಿದಾಗ ದುರುಗವ್ವ ಅಂಗಡಿಯಿಂದ ಹೊರಗೆ ಬಂದಳು. ಯಾರಾದರೂ ಬರಲಿ ತಾಯಿ, ಯಾರಾದರೂ ಸರಿ ಎಂದು ಹೊಳೆಯ ಕಡೆ ತಿರುಗಿ ಸೆರಗೊಡ್ಡಿದಳು.

ಬಂದವನು ಕಂಬಳಿ ನೇಯುವ ಬೀರಪ್ಪ. ಹೊಳೆಯ ನೀರು ಇಳಿಯಲೆಂದು ಕಾಯುತ್ತ ಸತ್ರದಲ್ಲಿ ತಂಗಿದ್ದ ಪರವೂರಿನವನು. ಜ್ವರ ಬಂದು ಅವನ ಹೆಂಡತಿ ಬೆಳಗಿನ ಜಾವ ತೀರಿಕೊಂಡಿದ್ದಳು. ಆ ಸೀಮೆಯಲ್ಲಿ ಹೆಣದ ಮುಂದೆ ದಾರಿಯುದ್ದಕ್ಕೂ ಮಂಡಕ್ಕಿ ತೂರದೆ ಮಸಣಕ್ಕೆ ಒಯ್ಯುವಂತಿಲ್ಲ. ಹೆಣದ ಮಂಡಕ್ಕಿಯಿಂದ ಬೋಣಿಯಾದರೆ ಅಂಗಡಿಯೂ ಹೆಣದ ಹಿಂದೆ ಹೋಗುತ್ತದೆ ಎಂದು ಪೇಟೆಯವರ ನಂಬಿಕೆ. ದುರುಗವ್ವನಿಗೂ ಆ ನಂಬಿಕೆ ರಕ್ತದಲ್ಲೇ ಇತ್ತು. ಬೀರಪ್ಪ ಒಂದು ಸೇರು ಮಂಡಕ್ಕಿ ಕೇಳಿದ್ದೇ ತಡ, ಅವಳ ಬಾಯಿಂದಲೂ ಅದೇ ಮಾತು ಬಂತು.

"ಬೋಣಿ ಆಗಿಲ್ಲಣ್ಣ, ಆಮ್ಯಾಲೆ ಬಾ."

"ಎಲ್ಲಾರೂ ಅದನ್ನೇ ಅಂದ್ರವ್ವ" ಎಂದ ಬೀರಪ್ಪ. "ನನ್ನಾಕಿ ಮುಂಜಾನಿಂದ ಸತ್ರದ ಜಗಲಿ ಮ್ಯಾಲೆ ಮಲಗ್ಯಾಳೆ. ನೊಣ ಹೊಡದು ಹೊಡದು ನನ್ನ ಕೈ ಸೋತ್ವು."

ದುರುಗವ್ವ ಒಳಗೆ ಭಟ್ಟಿಯ ಮುಂದೆ ಕೂತಿದ್ದ ಮಗಳನ್ನು ನೋಡಿದಳು. ಈ ಸಾವಿನ ಬೋಣಿ ಆ ಮಗುವಿನ ತಲೆಗೆ ತಗುಲಿದರೆ ಎಂದು ಅಂಜಿದಳು. ಆದರೆ ಗಂಡನ ಮುಂದೆ ಒಂದು ಹಿಡಿ ತೂರುವ ಭಾಗ್ಯವೂ ತನಗಿರಲಿಲ್ಲವಲ್ಲ ಎಂಬ ಸಂಕಟ ಆ ಅಂಜಿಕೆಗಿಂತ ದೊಡ್ಡದಾಗಿತ್ತು. ಸೂತಕದವನು ಕೈಗೆ ಕೈ ತಾಗಿಸಬಾರದೆಂದು ಬೀರಪ್ಪ ದುಡ್ಡನ್ನು ಎದುರಿನ ಕಲ್ಲಿನ ಮೇಲಿಟ್ಟ. ಅವಳು ಸೇರು ತುಂಬ ಮಂಡಕ್ಕಿಯನ್ನು ಅದೇ ಕಲ್ಲಿನ ಮೇಲೆ ಹಾಸಿದ ಅವನ ಕಂಬಳಿಗೆ ಸುರಿದಳು. ದುಡ್ಡನ್ನು ಕಣ್ಣಿಗೊತ್ತಿಕೊಂಡು ಗಳಗಳನೆ ಅತ್ತಳು ಎನ್ನುತ್ತಾರೆ.

ದೀಪ ಹಚ್ಚುವ ಹೊತ್ತಿಗೆ ಪೇಟೆಯ ಯಜಮಾನ ಕೊಟ್ರಬಸಪ್ಪ ಬಂದ. ಹಿಂದೆ ಹಾಲವ್ವನ ದೊಡ್ಡಪ್ಪನೂ ಇದ್ದ.

"ಬೋಣಿ ಆತೇನವ್ವ?"

"ಆತ್ರಿ ಯಜಮಾನ್ರೇ."

"ಯಾರು ಮಾಡಿದ್ರು?"

"ಬೀದಿ ನೋಡ್ರಿ. ನಿಮ್ಮ ಅಂಗಡಿ ಮುಂದೂ ಬಿದ್ದೈತಿ."

ಸತ್ರದಿಂದ ಮಸಣದವರೆಗೆ, ಅವನನ್ನು ತಿರುಗಿ ಕಳಿಸಿದ ಪ್ರತಿ ಬಾಗಿಲ ಮುಂದೆಯೂ ಮಂಡಕ್ಕಿ ಬೆಳ್ಳಗೆ ಚೆಲ್ಲಿತ್ತು. ಯಜಮಾನ ಅದನ್ನು ನೋಡಿದ. ಅಂಗಡಿ ನಡೆಯಲಿ ಎಂದು ತಲೆ ತಗ್ಗಿಸಿ ನಡೆದ. ದೊಡ್ಡಪ್ಪ ಬಂದ ದಾರಿಯಲ್ಲೇ ಒಬ್ಬನೇ ಹೋದ.

ಇಂದಿಗೂ ಪೇಟೆಯಲ್ಲಿ ಬೆಳಿಗ್ಗೆ ಅಂಗಡಿ ತೆರೆದವರು ಬೋಣಿಗೆ ಮೊದಲು ಒಂದು ಸೇರು ಮಂಡಕ್ಕಿಯನ್ನು ಆ ಕಲ್ಲಿನ ಮೇಲೆ ಇಡುತ್ತಾರೆ. ಸಾವಾದ ಮನೆಯವರು ಯಾರನ್ನೂ ಕೇಳದೆ ಅದನ್ನು ಒಯ್ಯಬಹುದು. ಗುಬ್ಬಿಗಳು ಮುತ್ತಿಕೊಳ್ಳುವುದನ್ನು ಕಂಡು ಪ್ರವಾಸಿಗರು ಹಕ್ಕಿಗಳಿಗೆ ಇಟ್ಟದ್ದೆಂದುಕೊಳ್ಳುತ್ತಾರೆ. ಅಂಗಡಿಯವರು ಹಕ್ಕಿಗಳನ್ನು ಓಡಿಸುವುದಿಲ್ಲ. ಇವತ್ತು ಒಯ್ಯುವವರು ಯಾರೂ ಬಾರದಿರಲಿ, ಹಕ್ಕಿಗಳೇ ತಿಂದು ಮುಗಿಸಲಿ ಎಂದು ಕೈಮುಗಿದೇ ಅದನ್ನು ಇಟ್ಟಿರುತ್ತಾರೆ.